ಅಳತೆಯ ಫಲ ದುಡಿದವರ ಕೈಗೂ ಬರಲಿ

ಮಾನ್ಯ ಸಂಪಾದಕರೇ,

ಈಚೆಗೆ ತಮ್ಮ ವಾಚಕರ ಅಂಕಣದಲ್ಲಿ ಓದುಗರೊಬ್ಬರು, ‘ಈಗಿನ ಮಕ್ಕಳಿಗೆ ಓದಿನಲ್ಲಿ ಆಸಕ್ತಿ ಇಲ್ಲ, ತೋಟಕ್ಕೆ ಬರುವವರಿಗೆ ಕೆಲಸದಲ್ಲಿ ಆಸಕ್ತಿ ಇಲ್ಲ, ಎಲ್ಲವನ್ನೂ ಮೊಬೈಲ್ ನುಂಗಿತು’ ಎಂದು ನೊಂದು ಬರೆದಿದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ತಪ್ಪನ್ನೆಲ್ಲ ಮಕ್ಕಳ ಮೇಲೆ, ಕೆಲಸದವರ ಮೇಲೆ ಹೊರಿಸಿ ಸುಮ್ಮನಾಗುವ ಮುನ್ನ ಕಲಿಸುವವರೂ ಕೆಲಸ ಮಾಡಿಸುವವರೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ತಾನು ಮೊನ್ನೆಗಿಂತ ಎಷ್ಟು ಮುಂದೆ ಬಂದಿದ್ದೇನೆ ಎಂಬುದು ಆ ಮಗುವಿಗೆ, ತೋಟದಲ್ಲಿ ದುಡಿಯುವ ಆ ಹೆಂಗಸಿಗೆ ಗೊತ್ತಿದೆಯೇ? ಗೊತ್ತಾಗುವ ಹಾಗೆ ನಾವು ಏನಾದರೂ ಮಾಡಿದ್ದೇವೆಯೇ?

ದಕ್ಷಿಣ ಕೊಡಗಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಗೋಣಿಕೊಪ್ಪಲಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಕುಯ್ಲಿನ ದಿನಗಳಲ್ಲಿ ಸಂಜೆ ತೂಕದ ಪುಸ್ತಕ ಹಿಡಿದು ಕೂರುವವಳೂ ನಾನೇ. ಶಾಲೆ, ತೋಟ ಎರಡನ್ನೂ ಹತ್ತಿರದಿಂದ ಕಂಡ ಮೇಲೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಕ್ಷಮಿಸಿ.

ನಮ್ಮ ಜಿಲ್ಲೆಯಷ್ಟು ಅಳೆಯುವ ಜನ ಬೇರೆ ಕಡೆ ಇದ್ದಾರೋ ಇಲ್ಲವೋ! ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಇಂಚು–ಸೆಂಟಿನಲ್ಲಿ (ನೂರು ಸೆಂಟು ಸೇರಿದರೆ ಒಂದು ಇಂಚು) ಡೈರಿಗೆ ಬರೆಯದ ಬೆಳೆಗಾರ ಕೊಡಗಿನಲ್ಲಿ ಅಪರೂಪ. ಅಜ್ಜನ ಕಾಲದ ಮಳೆ ಲೆಕ್ಕವನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳಿವೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಬಿದ್ದರೆ ಸಾಕು, ‘ನಿಮಗೆಷ್ಟು?’ ಎಂದು ಊರೂರಿನಿಂದ ಫೋನು. ಒಂದು ಇಂಚು ಬಂದಿದ್ದರೆ ನೆಮ್ಮದಿ. 40 ಸೆಂಟಿಗೇ ನಿಂತಿದ್ದರೆ ಅದೇ ದಿನ ಸ್ಪ್ರಿಂಕ್ಲರ್ ಪೈಪು ಎಳೆಯಬೇಕು. ಆಮೇಲೆ ಬ್ಯಾಕಿಂಗ್ ಮಳೆಗೆ, ಅಂದರೆ ಹೂವು ಕಾಯಿ ಕಟ್ಟಲು ಬೇಕಾದ ಎರಡನೆಯ ಮಳೆಗೆ, ಕಾಯುವ ದಿನ ಎಣಿಸಬೇಕು. ಕಾಫಿ ಮಾರುವಾಗ ಔಟ್‌ಟರ್ನ್ ನೋಡುತ್ತೇವೆ: 50 ಕೆ.ಜಿ. ಒಣ ಕಾಫಿಯ ಚೀಲದಲ್ಲಿ ಸಿಪ್ಪೆ ಕಳೆದು ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬ ಲೆಕ್ಕ ಅದು. ಕರಿಮೆಣಸಿಗೆ ಲೀಟರ್ ತೂಕ: ಒಂದು ಲೀಟರ್ ಅಳತೆಯ ಕಾಳು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಈ ಅಂಕಿಗಳ ಮೇಲೆ ಬೆಳೆಗಾರನಿಗೆ ಅಷ್ಟೊಂದು ಪ್ರೀತಿ ಏಕೆಂದರೆ ಅವು ಅಳೆದ ಮರುಕ್ಷಣ ಅವನ ಕೈಯಲ್ಲಿರುತ್ತವೆ, ಹೋದ ವರ್ಷದ ಪಕ್ಕದಲ್ಲಿಟ್ಟು ನೋಡಬಹುದು, ಮುಂದೇನು ಮಾಡಬೇಕೆಂದು ಅವು ಹೇಳುತ್ತವೆ. ಔಟ್‌ಟರ್ನ್ ಒಂದು ಕೆ.ಜಿ. ಏರಿತು ಎಂದು ಗೊತ್ತಾದ ವರ್ಷ ಅವನು ನೆರಳಿನ ಮರಗಳ ಕೊಂಬೆ ಕಡಿಯುವುದಕ್ಕೆ, ಗೊಬ್ಬರಕ್ಕೆ ಯಾರ ಬಾಯಿಂದಲೂ ಹೇಳಿಸಿಕೊಳ್ಳುವುದಿಲ್ಲ.

ಅದೇ ಬೆಳೆಗಾರನ ತೋಟದಲ್ಲಿ ಕುಯ್ಯುವ ಹೆಂಗಸಿಗೆ ತನ್ನ ಲೆಕ್ಕ ಗೊತ್ತಿಲ್ಲ. ಅವಳ ಮಗು ಹೋಗುವ ಶಾಲೆಯಲ್ಲಿ ಆ ಮಗುವಿಗೆ ತನ್ನ ಲೆಕ್ಕ ಗೊತ್ತಿಲ್ಲ. ಇಬ್ಬರನ್ನೂ ದಿನವೂ ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ, ಆ ಬರಹ ಮೇಲಕ್ಕೆ ಹೋಗುತ್ತದೆ. ಅವರ ಕೈಗೆ ಹಿಂತಿರುಗಿ ಬರುವುದಿಲ್ಲ.

ಶಾಲೆಯಿಂದ ಶುರು ಮಾಡುತ್ತೇನೆ.

ನಮ್ಮ ಪಕ್ಕದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಲಿ–ಕಲಿ ಆರಂಭವಾಯಿತು. ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ಕಟ್ಟಿದ ಪದ್ಧತಿ ಅದು. 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಹೊರಗಿನವರಿಗೆ ಅದು ಹಾಡು, ಆಟ, ಬಣ್ಣದ ಕಾರ್ಡು ಎಂದಷ್ಟೇ ಕಾಣುತ್ತದೆ. ಒಳಗಿದ್ದು ಪಾಠ ಮಾಡಿದವರಿಗೆ ಅದರ ಜೀವ ಎಲ್ಲಿದೆ ಎಂದು ಗೊತ್ತು: ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಗೋಡೆಯ ಮೇಲಿನ ಕಲಿಕಾ ಏಣಿ ಮತ್ತು ಪ್ರತಿ ಮಗು ದಾಟಿದ ಮೆಟ್ಟಿಲನ್ನು ಗುರುತಿಸುವ ಪ್ರಗತಿ ನೋಟ. ಮಗು ಬೆಳಿಗ್ಗೆ ಬಂದು ಏಣಿಯಲ್ಲಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ತಾನೇ ಹುಡುಕುತ್ತದೆ, ಆ ಮೆಟ್ಟಿಲಿನ ಕಾರ್ಡು ತಾನೇ ತೆಗೆದುಕೊಳ್ಳುತ್ತದೆ, ತನ್ನ ತಟ್ಟೆಗೆ (ಕಲಿಕೆಯ ಗುಂಪಿಗೆ ಅಲ್ಲಿ ತಟ್ಟೆ ಎನ್ನುತ್ತಾರೆ) ಹೋಗಿ ಕೂರುತ್ತದೆ. ಮುಗಿಸಿದ ಮೇಲೆ ಟೀಚರ್ ನೋಡಿ ಒಪ್ಪಿದರೆ ಗುರುತು, ಮರುದಿನ ಮುಂದಿನ ಮೆಟ್ಟಿಲು. ಒಪ್ಪದಿದ್ದರೆ ಅದೇ ಮೆಟ್ಟಿಲಿನಲ್ಲಿ ಇನ್ನೊಂದು ಕಾರ್ಡು. ಬೈಗುಳವಿಲ್ಲ, ‘ಫೇಲು’ ಇಲ್ಲ.

ತೋಟದ ಕೆಲಸದವರ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗಿಯನ್ನು ನಾನು ಮರೆಯಲಾರೆ. ಮನೆಮಾತು ಕನ್ನಡವಲ್ಲ. ಕುಯ್ಲು ಶುರುವಾದರೆ ತಮ್ಮನನ್ನು ನೋಡಿಕೊಳ್ಳಲು ಉಳಿದುಬಿಡುತ್ತಿದ್ದಳು. ಬೇರೆ ತರಗತಿಯಾಗಿದ್ದರೆ, ಅವಳು ತಿರುಗಿ ಬರುವ ಹೊತ್ತಿಗೆ ಪಾಠ ಎಲ್ಲಿಗೋ ಹೋಗಿರುತ್ತಿತ್ತು, ಅವಳು ಹಿಂದಿನ ಬೆಂಚಿನ ಮೂಲೆ ಸೇರಿರುತ್ತಿದ್ದಳು. ನಲಿ–ಕಲಿ ಕೊಠಡಿಯಲ್ಲಿ ಹಾಗಾಗಲಿಲ್ಲ. ಬಂದವಳೇ ಸೀದಾ ಏಣಿಯ ಹತ್ತಿರ ಹೋಗಿ ಬೆರಳಿಟ್ಟು, ‘ಟೀಚರ್, ನಾನು ಇಲ್ಲಿ ಇದ್ದೆ’ ಎನ್ನುತ್ತಿದ್ದಳು. ತಾನು ಬಿಟ್ಟ ಜಾಗ ಅವಳಿಗಾಗಿ ಕಾದಿತ್ತು. ಒತ್ತಕ್ಷರಗಳ ಮೆಟ್ಟಿಲು ದಾಟಿದ ದಿನ ಆ ಮಗು ಮಧ್ಯಾಹ್ನದ ಊಟಕ್ಕೂ ಏಳದೆ ಮುಂದಿನ ಕಾರ್ಡು ಕೇಳಿದಳು. ಆಸಕ್ತಿ ಇಲ್ಲದ ಮಕ್ಕಳು ಎಂದು ಯಾರಾದರೂ ಬರೆದಾಗ ನನಗೆ ಮೊದಲು ಅವಳೇ ನೆನಪಾಗುತ್ತಾಳೆ.

ನಾಲ್ಕನೇ ತರಗತಿಗೆ ಬಂದರೆ ಏಣಿ ಇಲ್ಲ. ಮಗು ಬೆಂಚಿನಲ್ಲಿ ಕೂರುತ್ತದೆ, ಪುಸ್ತಕ ತೆರೆಯುತ್ತದೆ, ವರ್ಷದುದ್ದಕ್ಕೂ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಬಂದು ಹೋಗುತ್ತವೆ. ರೂಪಣಾತ್ಮಕ ಎಂದರೆ ಕಲಿಯುತ್ತಿರುವಾಗಲೇ ನೋಡಿ ತಿದ್ದಲು ಮಾಡುವ ಮೌಲ್ಯಮಾಪನ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಂದು ಹೇಳಿರುವುದೂ ಇದನ್ನೇ. ಆದರೆ ನಡೆಯುತ್ತಿರುವುದೇನು? ಪರೀಕ್ಷೆ ಆಗುತ್ತದೆ, ಅಂಕ ಬರುತ್ತದೆ, ಅಂಕ ವಹಿಗೆ ಏರುತ್ತದೆ, ವಹಿಯಿಂದ ಇಲಾಖೆ ಮಕ್ಕಳ ವಿವರ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ಏರುತ್ತದೆ. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಶಿಕ್ಷಕರು ಗುಡ್ಡ ಹತ್ತಿ ನಿಂತು ಅದನ್ನು ಏರಿಸಿದ್ದೂ ಉಂಟು. ಮಗುವಿನ ಕೈಗೆ ಬರುವುದು ಉತ್ತರಪತ್ರಿಕೆಯ ಮೂಲೆಯಲ್ಲಿ ಕೆಂಪು ಶಾಯಿಯ ಒಂದು ಅಂಕಿ ಮತ್ತು ನೋಟ್ ಪುಸ್ತಕದಲ್ಲಿ ‘ನೋಡಿದೆ’ ಎಂಬ ಸಹಿ.

ಆ ಅಂಕಿ ಮಗುವಿಗೆ ಏನು ಹೇಳುತ್ತದೆ? ಒಂದು ಲೆಕ್ಕ ಹೇಳುತ್ತೇನೆ. 503ರಲ್ಲಿ 278 ಕಳೆಯಬೇಕು. ನಾಲ್ಕನೇ, ಐದನೇ ತರಗತಿಯ ಎಷ್ಟೋ ಮಕ್ಕಳು 375 ಎಂದು ಬರೆಯುತ್ತಾರೆ. ಸುಮ್ಮನೆ ಏನೋ ಗೀಚಿದ್ದಲ್ಲ ಅದು. 8ರಲ್ಲಿ 3 ಹೋದರೆ 5, 7ರಲ್ಲಿ 0 ಹೋದರೆ 7, 5ರಲ್ಲಿ 2 ಹೋದರೆ 3. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಮಗು ತಾನೇ ಒಂದು ನಿಯಮ ಮಾಡಿಕೊಂಡು ಶ್ರದ್ಧೆಯಿಂದ ಪಾಲಿಸಿದೆ. ಅದಕ್ಕೆ ತಪ್ಪು ಗುರುತು ಹಾಕಿ ಸೊನ್ನೆ ಕೊಟ್ಟರೆ, ಆ ಮಗುವಿಗೆ ಲೆಕ್ಕವೆಂದರೆ ಅದೃಷ್ಟದ ಆಟ ಎನಿಸುತ್ತದೆ. ಬದಲಿಗೆ ಪಕ್ಕದಲ್ಲಿ ಹೀಗೆ ಬರೆಯಿರಿ: ‘ಕಳೆಯುವುದು ನಿನಗೆ ಬರುತ್ತದೆ. ಮೇಲಿನ ಅಂಕಿ ಚಿಕ್ಕದಿದ್ದಾಗ ಪಕ್ಕದ ಮನೆಯಿಂದ ಪಡೆಯಬೇಕು. ಪಕ್ಕದಲ್ಲಿ ಸೊನ್ನೆ ಇದ್ದರೆ ನೂರರ ಮನೆಗೆ ಹೋಗು. 304ರಲ್ಲಿ 126 ಕಳೆದು ನಾಳೆ ತೋರಿಸು.’ ಮಾರನೆಯ ದಿನ 178 ಎಂದು ಬರೆದುಕೊಂಡು ಬರುವ ಮಗುವಿನ ಮುಖ ಒಮ್ಮೆ ನೋಡಿದರೆ ಸಾಕು, ಯಾವ ಶಿಕ್ಷಕಿಗೂ ಬರೇ ಸಹಿ ಹಾಕಲು ಮನಸ್ಸು ಬರುವುದಿಲ್ಲ.

ನನ್ನ ಅನುಭವ ಒಂದನ್ನೇ ಹಿಡಿದು ಹೇಳುತ್ತಿರುವ ಮಾತಲ್ಲ ಇದು. ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ನಡೆಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ಅಂಕ ಮಾತ್ರ ಕೊಟ್ಟರು, ಕೆಲವರಿಗೆ ಅವರ ಕೆಲಸದ ಬಗ್ಗೆ ನಾಲ್ಕು ಮಾತಿನ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡೂ. ಟಿಪ್ಪಣಿ ಮಾತ್ರ ಪಡೆದವರ ಕೆಲಸವೂ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಅಂಕ ಪಡೆದವರದು ಹಾಗಾಗಲಿಲ್ಲ. ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಮೂರನೆಯ ಗುಂಪು. ಅಂಕ, ಟಿಪ್ಪಣಿ ಎರಡೂ ಇದ್ದ ಮಕ್ಕಳು ಅಂಕ ಮಾತ್ರ ಇದ್ದವರ ಸಾಲಿಗೇ ಸೇರಿದರು. ಅಂಕಿ ಕಂಡ ಕಣ್ಣು ಮಾತಿನ ಕಡೆ ಹೋಗುವುದಿಲ್ಲ. ಉತ್ತರಪತ್ರಿಕೆ ಕೊಟ್ಟ ದಿನ ನಮ್ಮ ತರಗತಿಗಳಲ್ಲಿ ಏಳುವ ಸದ್ದನ್ನು ಯಾವ ಶಿಕ್ಷಕರನ್ನಾದರೂ ಕೇಳಿ: ‘ನಿಂಗೆಷ್ಟು? ನಿಂಗೆಷ್ಟು?’

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ಆಲ್ಬರ್ಟ್ ಬಂಡೂರಾ ಮತ್ತು ಡೇನಿಯಲ್ ಸರ್ವೋನ್ 1983ರಲ್ಲಿ ಪ್ರಕಟಿಸಿದ್ದು. ವ್ಯಾಯಾಮದ ಯಂತ್ರದ ಮೇಲೆ ಶ್ರಮಪಡುವ ಜನರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಗುರಿ ಕೊಟ್ಟರು, ಎಷ್ಟು ಸಾಧಿಸಿದಿರಿ ಎಂದು ಹೇಳಲಿಲ್ಲ. ಇನ್ನೊಂದಕ್ಕೆ ಎಷ್ಟು ಸಾಧಿಸಿದಿರಿ ಎಂದು ಹೇಳಿದರು, ಗುರಿ ಕೊಡಲಿಲ್ಲ. ಮತ್ತೊಂದಕ್ಕೆ ಎರಡೂ ಕೊಟ್ಟರು. ಕೊನೆಯದಕ್ಕೆ ಏನೂ ಇಲ್ಲ. ಎರಡೂ ಇದ್ದ ಗುಂಪಿನವರ ಶ್ರಮ ಬಹಳವಾಗಿ ಏರಿತು. ಗುರಿ ಮಾತ್ರ ಇದ್ದವರು, ಹಿಮ್ಮಾಹಿತಿ (ಎಷ್ಟು ಸಾಧಿಸಿದಿರಿ ಎಂಬ ತಿಳಿವು) ಮಾತ್ರ ಇದ್ದವರು ಏನೂ ಇಲ್ಲದವರಿಗಿಂತ ಹೇಳಿಕೊಳ್ಳುವಷ್ಟು ಮುಂದೆ ಹೋಗಲಿಲ್ಲ. ‘ಈ ಸಲ ಶೇ 100 ಫಲಿತಾಂಶ ಬರಬೇಕು’ ಎಂದು ವರ್ಷದ ಮೊದಲ ಸಭೆಯಲ್ಲಿ ಗುರಿ ಕೊಟ್ಟು, ಮಾರ್ಚ್‌ವರೆಗೆ ಆ ಕಡೆ ತಲೆ ಹಾಕದವರು ಇದನ್ನು ಗಮನಿಸಲಿ. 2016ರಲ್ಲಿ ಇಂಥ 138 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ತಮ್ಮ ಪ್ರಗತಿಯನ್ನು ಆಗಾಗ ನೋಡಿಕೊಂಡವರು ಗುರಿ ತಲುಪುವುದು ಹೆಚ್ಚು, ಬರೆದಿಟ್ಟುಕೊಂಡರೆ ಇನ್ನೂ ಹೆಚ್ಚು ಎಂದು ಕಂಡುಬಂತು. ನಮ್ಮ ಬೆಳೆಗಾರರ ಮಳೆ ಡೈರಿ ಮಾಡುವ ಕೆಲಸವೂ ಇದೇ.

ಹಾಕಿಯ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕೊಡವ ಕುಟುಂಬಗಳೊಂದಿಗೆ ಆರಂಭಿಸಿದ ಕೌಟುಂಬಿಕ ಹಾಕಿ ಪಂದ್ಯಾವಳಿ ಇಂದು 300 ತಂಡ ದಾಟಿ ಬೆಳೆದಿದೆ. ಅಲ್ಲಿ ಅಜ್ಜಂದಿರು, ಚಿಕ್ಕಪ್ಪಂದಿರು ಗೆರೆಯಾಚೆ ನಿಂತು ಆಡುವ ಹುಡುಗನಿಗೆ ಹೇಳುವ ಮಾತು ಕೇಳಿ. ‘ಸ್ಟಿಕ್ ತಗ್ಗಿಸು’, ‘ಎಡಕ್ಕೆ ಕೊಡು’. ಹೇಳಿದ್ದು ಕೂಡಲೇ, ಆಟದ ಬಗ್ಗೆ, ಮುಂದಿನ ಚೆಂಡಿಗೇ ಉಪಯೋಗಕ್ಕೆ ಬರುವಂತೆ. ಅದೇ ಹುಡುಗ ತರಗತಿಗೆ ಬಂದರೆ ಎಷ್ಟೋ ದಿನಗಳ ಮೇಲೆ ಒಂದು ಅಂಕಿ ಸಿಗುತ್ತದೆ. ಅವನಿಗೆ ಮೈದಾನ ಇಷ್ಟವಾಗಿ ತರಗತಿ ಬೇಸರವಾದರೆ ಅವನದೇನು ತಪ್ಪು?

ಇನ್ನು ತೋಟದ ಮಾತು. ರೊಬಸ್ಟಾ ಕಾಫಿಯ ಕುಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿ ಬಹಳ ಕಡೆ ಇದೆ. ಸಂಜೆ ಚೀಲಗಳನ್ನು ತಂದು ಸಾಲಾಗಿ ಇಡುತ್ತಾರೆ, ತೋಟದ ಲೆಕ್ಕ ನೋಡುವ ರೈಟರ್ ತೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ವಾರದ ಕೊನೆಗೆ ಬಟವಾಡೆ. ಕುಯ್ದವಳಿಗೆ ವಾರದ ಒಟ್ಟು ಹಣ ಗೊತ್ತಾಗುತ್ತದೆಯೇ ಹೊರತು, ಸೋಮವಾರ ಎಷ್ಟು, ಮಂಗಳವಾರ ಎಷ್ಟು, ಯಾವ ಬ್ಲಾಕಿನಲ್ಲಿ ಎಷ್ಟು ಎಂಬುದು ರೈಟರ್ ಪುಸ್ತಕದಲ್ಲೇ ಉಳಿಯುತ್ತದೆ. ನಮ್ಮ ತೋಟದಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ್ಟ ನೋಟ್‌ಬುಕ್ ಕೊಟ್ಟಿದ್ದೇವೆ. ತೂಕವಾದ ಕೂಡಲೇ ಆ ದಿನದ ಅಂಕಿ ಅದರಲ್ಲೂ ಬರೆಯುತ್ತೇನೆ. ಓದು ಬಾರದವರಿಗೆ ಹತ್ತು ಕೆ.ಜಿ.ಗೆ ಒಂದು ಗೆರೆ. ಬಟವಾಡೆಯ ದಿನ ನಡೆಯುತ್ತಿದ್ದ ಜಗಳ ನಿಂತದ್ದು ಮೊದಲ ಲಾಭ. ಆಮೇಲೆ ಕಂಡದ್ದು ಇನ್ನೂ ಸಂತೋಷದ್ದು. ಹೊಸದಾಗಿ ಬಂದ ಒಬ್ಬಾಕೆ, ಮೊದಲ ದಿನಗಳಲ್ಲಿ ಎಲ್ಲರಿಗಿಂತ ಹಿಂದಿದ್ದವಳು, ತನ್ನ ಪುಸ್ತಕದ ಗೆರೆಗಳನ್ನು ಎಣಿಸಿ, ‘ಟೀಚರಮ್ಮ, ನೋಡಿ, ಹೋದ ವಾರ ಇಷ್ಟೇ ಇತ್ತು’ ಎಂದು ತೋರಿಸಿದಳು. ಪಕ್ಕದವಳಿಗಿಂತ ಅವಳ ಗೆರೆಗಳು ಆಗಲೂ ಕಡಿಮೆಯೇ ಇದ್ದವು. ಅದರ ಗೊಡವೆ ಅವಳಿಗೆ ಇರಲಿಲ್ಲ.

ತೂಕ ಒಂದನ್ನೇ ಅಳೆದರೆ ಏನಾಗುತ್ತದೆ ಎಂಬುದನ್ನೂ ತೋಟದಲ್ಲೇ ನೋಡಬಹುದು. ಗೊಂಚಲು ಸವರಿ, ಹಣ್ಣು, ಕಾಯಿ, ಎಲೆ ಎಲ್ಲ ಚೀಲಕ್ಕೆ ಹಾಕಿದರೆ ತೂಕ ಬರುತ್ತದೆ; ಹಸಿರು ಕಾಯಿ ಸೇರಿದ ಕಾಫಿಯ ಗುಣ ಕೆಡುತ್ತದೆ. ಕೆಲಸದವರನ್ನು ಬೈದು ಫಲವಿಲ್ಲ, ನಾವು ಅಳೆದದ್ದನ್ನೇ ಅವರು ಕೊಟ್ಟಿದ್ದಾರೆ. ಅದಕ್ಕಾಗಿಯೇ ತೂಗುವ ಮುನ್ನ ಚೀಲದಿಂದ ಒಂದು ಬೊಗಸೆ ತೆಗೆದು ಅವರ ಮುಂದೆಯೇ ಚಾಪೆಯ ಮೇಲೆ ಹರಡುತ್ತೇವೆ. ಎಷ್ಟು ಹಸಿರು ಎಂಬುದು ಅವರ ಕಣ್ಣಿಗೇ ಕಾಣುತ್ತದೆ. ಹಸಿರು ಕಡಿಮೆ ಇದ್ದರೆ ಪುಸ್ತಕದಲ್ಲಿ ಒಂದು ಕೆಂಪು ಚುಕ್ಕೆ, ಚುಕ್ಕೆ ಬಂದ ದಿನ ಕೆ.ಜಿ.ಗೆ ಸ್ವಲ್ಪ ಹೆಚ್ಚು ಕೂಲಿ. ಶಾಲೆಗೂ ಈ ಮಾತು ಸಲ್ಲುತ್ತದೆ. ಅಂಕವನ್ನಷ್ಟೇ ಅಳೆದರೆ ಗೈಡ್ ಬಾಯಿಪಾಠ ಬರುತ್ತದೆ, ಓದುವ ಸುಖ ಬರುವುದಿಲ್ಲ.

ಕೂಲಿ ಹೆಚ್ಚಿಸದೆ ಬರೇ ಅಳತೆ ತೋರಿಸಿ ದುಡಿಸಿಕೊಳ್ಳಿ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಅಮೆರಿಕದ ಓಕ್ಲಹೋಮಾದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳ ಮೇಲೆ ಗ್ಯಾರಿ ಲೇಥಮ್ ಮತ್ತು ಜೊತೆಗಾರರು ನಡೆಸಿದ, 1975ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಾನೂನು ಒಪ್ಪುವ ತೂಕದ ಸುಮಾರು ಶೇ 60ರಷ್ಟೇ ತುಂಬಿ ಓಡುತ್ತಿದ್ದ ಲಾರಿಗಳು, ಶೇ 94ರ ಸ್ಪಷ್ಟ ಗುರಿ ಕೊಟ್ಟ ಮೇಲೆ ಶೇ 90 ದಾಟಿದವು. ಹೆಚ್ಚು ಹಣವನ್ನೇನೂ ಕೊಟ್ಟಿರಲಿಲ್ಲ. ಮಾಲೀಕರಿಗೆ ಬಹಳ ಹಿತವಾಗುವ ಕಥೆ ಇದು. ನಾನು ಮಾತ್ರ ಅದನ್ನು ಪೂರ್ತಿ ಒಪ್ಪಿ ಮುಂದೆ ಹೋಗಲಾರೆ. ಹೆಚ್ಚು ದುಡಿದದ್ದು ಕಣ್ಣಿಗೆ ಕಾಣುವಂತೆ ಅಳೆದ ಮೇಲೆ ಅದರ ಪಾಲು ದುಡಿದವರಿಗೆ ಸೇರಲೇಬೇಕು. ಇಲ್ಲದಿದ್ದರೆ ಮುಂದಿನ ಕುಯ್ಲಿಗೆ ಅವರು ಆ ಪುಸ್ತಕವನ್ನು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಅಳತೆ ಮನುಷ್ಯನನ್ನು ಕುಗ್ಗಿಸುವುದೂ ಉಂಟು. ನಮ್ಮ ಕಡೆಯ ಒಂದು ಶಾಲೆಯಲ್ಲಿ, ಹೆಸರು ಬೇಡ, ಪ್ರತಿ ಪರೀಕ್ಷೆಯ ನಂತರ ಇಡೀ ತರಗತಿಯ ಅಂಕಪಟ್ಟಿಯನ್ನು ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಿದ್ದರು, ಮೊದಲ ಸ್ಥಾನದಿಂದ ಕೊನೆಯ ಸ್ಥಾನದವರೆಗೆ. ಏಳನೇ ತರಗತಿಯ ಹುಡುಗನೊಬ್ಬ ನಮ್ಮ ಮನೆಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದ. ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಅವನ ಅಂಕ 9ರಿಂದ 15ಕ್ಕೆ ಏರಿತ್ತು. ಅವನ ಮಟ್ಟಿಗೆ ಬೆಟ್ಟ ಹತ್ತಿದ ಹಾಗೆ. ಪಟ್ಟಿಯಲ್ಲಿ ಮಾತ್ರ ಅವನು ಮತ್ತೆ ಕೊನೆಯಿಂದ ಎರಡನೆಯವನು. ಅಪ್ಪ ನೋಡಿದ್ದು ಅದನ್ನೇ, ಚಿಕ್ಕಮ್ಮ ನೋಡಿದ್ದು ಅದನ್ನೇ, ಪಕ್ಕದ ಮನೆಯವರು ನೋಡಿದ್ದೂ ಅದನ್ನೇ. ಆ ವಾರ ಅವನು ಪುಸ್ತಕ ತರಲಿಲ್ಲ. ಕೇಳಿದ್ದಕ್ಕೆ, ‘ಎಷ್ಟು ಓದಿದ್ರೂ ಅಲ್ಲೇ ಇರ್ತೀನಲ್ಲ ಟೀಚರ್’ ಎಂದ. ಅವನು ಅಲ್ಲೇ ಇರಲಿಲ್ಲ, ಬಹಳ ಮುಂದೆ ಬಂದಿದ್ದ. ಅದನ್ನು ಅವನಿಗೆ ನಂಬಿಸಲು ನಾನು ಎರಡೂ ಉತ್ತರಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು, ಮೊದಲಿನದರಲ್ಲಿ ಬಾರದ, ಎರಡನೆಯದರಲ್ಲಿ ಬಂದ ಲೆಕ್ಕಗಳನ್ನು ಒಂದೊಂದಾಗಿ ಅವನಿಂದಲೇ ಓದಿಸಬೇಕಾಯಿತು.

ಅವ್ರಾಹಂ ಕ್ಲೂಗರ್ ಮತ್ತು ಏಂಜೆಲೊ ಡಿನೀಸಿ 1996ರಲ್ಲಿ ಹಿಮ್ಮಾಹಿತಿಯ ಪರಿಣಾಮದ 600ಕ್ಕೂ ಹೆಚ್ಚು ಅಳತೆಗಳನ್ನು ಒಟ್ಟುಗೂಡಿಸಿದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡೆ ಕೆಲಸ ಕೆಟ್ಟಿತ್ತು! ಗಮನ ಮಾಡುವ ಕೆಲಸವನ್ನು ಬಿಟ್ಟು ‘ನಾನು ಎಂಥವನು’ ಎಂಬ ಕಡೆ ತಿರುಗಿದಾಗ ಹಾಗಾಗುತ್ತದೆ ಎಂದು ಅವರು ವಿವರಿಸಿದ್ದಾರೆ. ಬೈಗುಳದಷ್ಟೇ ಹೊಗಳಿಕೆಗೂ ಈ ಅಪಾಯ ಇದೆ. ‘ನೀನು ಜಾಣೆ’ ಎಂದು ಹೊಗಳಿಸಿಕೊಂಡ ಮಕ್ಕಳು ಆಮೇಲೆ ಕಷ್ಟದ ಲೆಕ್ಕ ಬಂದಾಗ ಬೇಗ ಕೈಚೆಲ್ಲುತ್ತಾರೆ, ‘ಚೆನ್ನಾಗಿ ಪ್ರಯತ್ನ ಮಾಡಿದೆ’ ಎನಿಸಿಕೊಂಡವರು ಹಟ ಹಿಡಿದು ಕೂರುತ್ತಾರೆ ಎಂದು ಕ್ಲಾಡಿಯಾ ಮ್ಯೂಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ತೋರಿಸಿದರು. ಜಾಣತನದ ಪಟ್ಟ ಕಟ್ಟಿಸಿಕೊಂಡ ಮಗುವಿಗೆ ಅದನ್ನು ಕಳೆದುಕೊಳ್ಳುವ ಭಯ ಇರುತ್ತದಲ್ಲ.

ಶಿಕ್ಷಕರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಕ್ಕಳಿಗೆ ಟಿಪ್ಪಣಿ ಬರೆಯಿರಿ ಎಂದು ನಾವು ಹೇಳುತ್ತೇವೆ, ಶಿಕ್ಷಕರಿಗೆ ಯಾರು ಬರೆಯುತ್ತಾರೆ? ಅಧಿಕಾರಿಗಳು ಬಂದಾಗ ದಾಖಲೆ ನೋಡುತ್ತಾರೆ, ಬಿಸಿಯೂಟದ ಅಕ್ಕಿಯ ಲೆಕ್ಕ ನೋಡುತ್ತಾರೆ, ಸಂದರ್ಶನ ಪುಸ್ತಕದಲ್ಲಿ ‘ಶಾಲಾ ಪರಿಸರ ಚೆನ್ನಾಗಿದೆ, ಸಂತೋಷವಾಯಿತು’ ಎಂದು ಬರೆದು ಹೋಗುತ್ತಾರೆ. ನನ್ನ ಸೇವೆಯಲ್ಲಿ ಒಬ್ಬ ಸಿ.ಆರ್.ಪಿ. (ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಮಾತ್ರ ಹಿಂದಿನ ಬೆಂಚಿನಲ್ಲಿ ಪೂರ್ತಿ ಅವಧಿ ಕೂತು, ಪಾಠ ಮುಗಿದ ಮೇಲೆ, ‘ಮೇಡಂ, ನೀವು ಪ್ರಶ್ನೆ ಕೇಳಿ ಎರಡು ಸೆಕೆಂಡಿಗೇ ಉತ್ತರ ಹೇಳಿಬಿಡ್ತೀರಿ. ಇನ್ನು ಸ್ವಲ್ಪ ಕಾಯಿರಿ’ ಎಂದರು. ಮುಂದಿನ ಭೇಟಿಯಲ್ಲಿ ಅದನ್ನೇ ನೋಡಿ, ‘ಈಗ ಹಿಂದಿನವರೂ ಕೈ ಎತ್ತುತ್ತಾರೆ’ ಎಂದರು. ಎಷ್ಟೋ ತರಬೇತಿಗಳಿಂದ ಬಾರದ ಹುರುಪು ಆ ಎರಡು ಮಾತಿನಿಂದ ನನಗೆ ಬಂತು. ಇದು ಶಾಲೆಗಷ್ಟೇ ಸೀಮಿತವಲ್ಲ. ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಎಂಬವರು ಕಂಪನಿಗಳಲ್ಲಿ ಕೆಲಸ ಮಾಡುವ 238 ಜನರ ಸುಮಾರು 12,000 ದಿನಚರಿ ಪುಟಗಳನ್ನು ಓದಿ ನೋಡಿದರು. ಕೆಲಸದಲ್ಲಿ ಹುರುಪು ಹೆಚ್ಚಿದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು, ಆ ದಿನ ಕೆಲಸ ಒಂದಿಷ್ಟು ಮುಂದೆ ಸಾಗಿದ್ದು. ಆದರೆ ಜನರಿಗೆ ಹುರುಪು ತರುವುದು ಯಾವುದು ಎಂದು 600ಕ್ಕೂ ಹೆಚ್ಚು ಮೇಲಧಿಕಾರಿಗಳನ್ನು ಕೇಳಿದಾಗ, ಐದು ಸಂಗತಿಗಳಲ್ಲಿ ಅವರು ಪ್ರಗತಿಯನ್ನು ಕಟ್ಟಕಡೆಗೆ ಇಟ್ಟರು.

‘ಒಬ್ಬರೇ ಶಿಕ್ಷಕರು, ಮೂರು ತರಗತಿ, ಮೇಲೆ ಮೊಟ್ಟೆ–ಹಾಲಿನ ಲೆಕ್ಕ, ಇದಕ್ಕೆಲ್ಲ ಹೊತ್ತೆಲ್ಲಿ?’ ಎಂದು ಕೇಳುವವರಿಗೆ ನನ್ನ ಉತ್ತರ ಇದೆ. ಎಲ್ಲ ಪುಸ್ತಕಗಳಿಗೂ ದಿನವೂ ಬರೆಯುವುದು ಬೇಡ. ದಿನಕ್ಕೆ ಐದು ಪುಸ್ತಕ ಆರಿಸಿಕೊಂಡು ಒಂದೊಂದರಲ್ಲಿ ಎರಡೇ ಸಾಲು: ಏನು ಬಂದಿದೆ, ಮುಂದೆ ಏನು ಮಾಡಬೇಕು. ಕೊಡಗಿನ ಸಣ್ಣ ಶಾಲೆಗಳಲ್ಲಿ ವಾರ ಎರಡು ವಾರದೊಳಗೆ ಎಲ್ಲ ಮಕ್ಕಳಿಗೂ ಸರದಿ ಬರುತ್ತದೆ. ಪ್ರತಿ ಮಗುವಿನ ನೋಟ್ ಪುಸ್ತಕದ ಕೊನೆಯ ಪುಟವನ್ನು ಅದರದೇ ಪ್ರಗತಿ ನೋಟ ಮಾಡಿ. ಒಂದು ನಿಮಿಷದಲ್ಲಿ ಎಷ್ಟು ಪದ ತಡೆಯಿಲ್ಲದೆ ಓದಿದೆ, ಮಗ್ಗಿ ಎಲ್ಲಿಯವರೆಗೆ ಬಂತು ಎಂದು ಮಗುವೇ ಬರೆದುಕೊಳ್ಳಲಿ. ನಾಲ್ಕನೇ ತರಗತಿಯವರು ಇದನ್ನು ಚೆನ್ನಾಗಿ ಮಾಡುತ್ತಾರೆ, ನಾನು ಮಾಡಿಸಿದ್ದೇನೆ. ಆ ಪುಟ ಮಗುವಿನದು. ತೋರಿಸಬೇಕೆನಿಸಿದರೆ ಅಮ್ಮನಿಗೆ, ಗೆಳತಿಗೆ ಅದೇ ತೋರಿಸಲಿ. ಗೋಡೆಗೆ, ಗುಂಪಿಗೆ ಹಾಕುವುದು ಬೇಡ.

ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆಗಳೂ ದೊಡ್ಡವಲ್ಲ. ರೂಪಣಾತ್ಮಕ ಮೌಲ್ಯಮಾಪನದ ಉತ್ತರಪತ್ರಿಕೆ ಒಂದು ವಾರದೊಳಗೆ ಮಗುವಿನ ಕೈ ಸೇರಬೇಕು, ಮೊದಲು ಟಿಪ್ಪಣಿಯೊಂದಿಗೆ, ಅಂಕ ಆಮೇಲೆ ವಹಿಗೆ ಏರಲಿ ಎಂದು ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ಹಣ ಬೇಕಾಗಿಲ್ಲ. ಇಡೀ ತರಗತಿಯ ಪಟ್ಟಿಯನ್ನು ವಾಟ್ಸ್ಆ್ಯಪ್‌ಗೆ ಹಾಕುವುದನ್ನು, ಸರ್ಕಾರಿ ಇರಲಿ ಖಾಸಗಿ ಇರಲಿ, ನಿಲ್ಲಿಸಲೇಬೇಕು. ‘ಸಮುದಾಯದತ್ತ ಶಾಲೆ’ ದಿನ ಪೋಷಕರಿಗೆ ಮಗುವಿನ ಸ್ಥಾನ ಹೇಳುವ ಬದಲು ಜೂನ್ ತಿಂಗಳ ಒಂದು ಪುಟ, ನವೆಂಬರ್ ತಿಂಗಳ ಒಂದು ಪುಟ ಅಕ್ಕಪಕ್ಕ ಇಟ್ಟು ತೋರಿಸಿ. ಓದು ಬಾರದ ತಾಯಿಗೂ ಅಕ್ಷರ ದುಂಡಗಾದದ್ದು ಕಾಣುತ್ತದೆ. ಆ ಸಭೆಯನ್ನು ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟು ‘ಪೋಷಕರು ಬರಲಿಲ್ಲ’ ಎಂದು ವರದಿ ಬರೆಯಬೇಡಿ, ದಯವಿಟ್ಟು. ಕೂಡಿಗೆಯ ಡಯಟ್‌ನವರು (ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಯವರು) ಟಿಪ್ಪಣಿ ಬರೆಯುವುದನ್ನೇ ವಿಷಯವಾಗಿಟ್ಟುಕೊಂಡು ಒಂದು ದಿನದ ತರಬೇತಿ ಮಾಡಿದರೆ, 375 ಎಂದು ಬರೆದಂಥ ಉತ್ತರಗಳನ್ನೇ ಮುಂದಿಟ್ಟುಕೊಂಡು ಮಾಡಲಿ. ಬೆಳೆಗಾರರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಈ ಸಲದ ಕುಯ್ಲಿಗೆ ತೂಕದ ಚೀಟಿ ಅವತ್ತಿನದು ಅವತ್ತೇ ಕುಯ್ದವರ ಕೈಗೆ ಕೊಡಿ. ಅಸ್ಸಾಂನಿಂದ ಬಂದವರಿಗೆ ಕನ್ನಡ ಬಾರದಿದ್ದರೂ ಅಂಕಿ ಓದಲು ಬರುತ್ತದೆ.

ಟಿಪ್ಪಣಿ ಬರೆಯುವ ಕೆಲಸವನ್ನು ಶುರು ಮಾಡಬೇಕೆನ್ನುವ ಶಾಲೆ ಪೊನ್ನಂಪೇಟೆ ತಾಲ್ಲೂಕಿನಲ್ಲಿ ಯಾವುದಾದರೂ ಇದ್ದರೆ, ಶನಿವಾರ ಬೆಳಗಿನ ತರಗತಿಗಳ ನಂತರ ಬಂದು ಶಿಕ್ಷಕರ ಜೊತೆ ಕೂತು ಪುಸ್ತಕ ನೋಡಲು ನಾನು ಸಿದ್ಧಳಿದ್ದೇನೆ. ತಮ್ಮ ಕಚೇರಿಯ ಮೂಲಕ ತಿಳಿಸಿದರೆ ಸಾಕು. ಬಸ್ಸಿನ ದಾರಿಯಲ್ಲಿರುವ ಶಾಲೆಯಾದರೆ ನಾನೇ ಬರುತ್ತೇನೆ, ಒಳದಾರಿಯಾದರೆ ಯಾರಾದರೂ ಬಂದು ಕರೆದುಕೊಂಡು ಹೋಗಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಗೋಣಿಕೊಪ್ಪಲು, ದಕ್ಷಿಣ ಕೊಡಗು